ವ್ಯಾಗನಿನ ಹನ್ನೊಂದನೇ ಅಂಕಿ

ಕಬಕ ಪುತ್ತೂರಿಗೂ ಕಾಣಿಯೂರಿಗೂ ನಡುವೆ ಇರುವ ನರಿಮೊಗರು ಸಣ್ಣ ರೈಲು ನಿಲ್ದಾಣ. ಪಣಂಬೂರಿನ ಬಂದರಿಗೂ ಘಟ್ಟದ ಮೇಲಿನ ಊರುಗಳಿಗೂ ಓಡಾಡುವ ಗೂಡ್ಸ್ ರೈಲುಗಳು ಇದೇ ಹಳಿಯಲ್ಲಿ ಹಾದುಹೋಗುತ್ತವೆ. ಗೇಟಿನ ಬಳಿ ನಿಂತ ಮಕ್ಕಳು ಎಷ್ಟು ಡಬ್ಬಿ ಇದೆ ಎಂದು ಎಣಿಸುತ್ತಾರೆ. ಪ್ರತಿ ಡಬ್ಬಿಯ ಮೈಮೇಲೆ ಬಣ್ಣದಲ್ಲಿ ಬರೆದ ಹನ್ನೊಂದು ಅಂಕಿಯ ಸಂಖ್ಯೆಯನ್ನು ಮಾತ್ರ ಯಾರೂ ಓದುವುದಿಲ್ಲ. ಓದಿದರೆ ಅದು ಸಾವಿರಾರು ಕೋಟಿಯಲ್ಲಿ ಹೇಳಬೇಕಾದ ಪೂರ್ಣಾಂಕ. ಮೊದಲ ಎರಡು ಅಂಕಿ ವ್ಯಾಗನ್ ಯಾವ ಬಗೆಯದು ಎಂದು ಹೇಳುತ್ತವೆ, ಮುಂದಿನ ಎರಡು ಯಾವ ರೈಲ್ವೆ ವಲಯಕ್ಕೆ ಸೇರಿದ್ದು ಎಂದು, ಅದರ ಮುಂದಿನೆರಡು ತಯಾರಾದ ವರ್ಷವನ್ನು. ಆಮೇಲಿನ ನಾಲ್ಕು ಅಂಕಿ ಆ ವ್ಯಾಗನಿನದೇ ಸ್ವಂತ ಕ್ರಮಸಂಖ್ಯೆ. ಇಷ್ಟಕ್ಕೆ ಹತ್ತು ಅಂಕಿಯಾಯಿತು. ಹನ್ನೊಂದನೆಯದು ವ್ಯಾಗನಿನ ಬಗ್ಗೆ ಹೊಸತೇನನ್ನೂ ಹೇಳುವುದಿಲ್ಲ. ಹಿಂದಿನ ಹತ್ತನ್ನು ಸರಿಯಾಗಿ ಬರೆದುಕೊಂಡಿದ್ದೀರಾ ಎಂದು ತಾಳೆ ನೋಡುವುದಷ್ಟೇ ಅದರ ಕೆಲಸ. ನಮ್ಮ ಶಾಲೆಗಳಲ್ಲಿ ದೊಡ್ಡ ಸಂಖ್ಯೆಯನ್ನು ಕಲಿಸುವ ಕ್ರಮ ಬದಲಾಗಬೇಕು ಎಂಬ ನನ್ನ ವಾದಕ್ಕೆ ಈ ಹನ್ನೊಂದನೇ ಅಂಕಿಯೇ ಮೊದಲ ಸಾಕ್ಷಿ.

ಲೆಕ್ಕ ಬಹಳ ಸುಲಭ. ಉದಾಹರಣೆಗೆಂದು ಕಟ್ಟಿಕೊಂಡ ಒಂದು ಸಂಖ್ಯೆ ತೆಗೆದುಕೊಳ್ಳೋಣ: 2215113046. ಎಡದಿಂದ ಎಣಿಸಿ ಎರಡನೇ, ನಾಲ್ಕನೇ, ಆರನೇ, ಎಂಟನೇ, ಹತ್ತನೇ ಸ್ಥಾನದ ಅಂಕಿಗಳನ್ನು ಕೂಡಿಸಬೇಕು: 2, 5, 1, 0, 6 ಸೇರಿ 14. ಅದನ್ನು ಮೂರರಿಂದ ಗುಣಿಸಿದರೆ 42. ಉಳಿದ ಸ್ಥಾನಗಳ 2, 1, 1, 3, 4 ಸೇರಿ 11. ಒಟ್ಟು 53. ಇದನ್ನು ಮುಂದಿನ ಹತ್ತರ ಗುಣಕಕ್ಕೆ, ಎಂದರೆ 60ಕ್ಕೆ, ಮುಟ್ಟಿಸಲು 7 ಬೇಕು. ಆ 7 ಹನ್ನೊಂದನೇ ಅಂಕಿ. ಪೂರ್ತಿ ಸಂಖ್ಯೆ 22151130467. ಬರೆದುಕೊಳ್ಳುವವರು ಮಸುಕಾದ 5ನ್ನು 8 ಎಂದು ಓದಿದರೆ ಮೊತ್ತ 62 ಆಗುತ್ತದೆ, ಆಗ ಕೊನೆಯಲ್ಲಿ 8 ಇರಬೇಕಿತ್ತು. ಇರುವುದು 7, ಹಾಗಾಗಿ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಮೂರರ ಮಗ್ಗಿ ಮತ್ತು ಸಂಕಲನ ಬಲ್ಲ ನಾಲ್ಕನೇ ತರಗತಿಯ ಮಗು ಕಾಗದ ಪೆನ್ಸಿಲಿನಲ್ಲಿ ಇದನ್ನು ಮಾಡಬಹುದು. ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಲ್ಲಿ ಶುರುವಾದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯ ಹೆಸರು ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಅಂಗಡಿಯಲ್ಲಿ ಸಿಗುವ ಚಾಕೊಲೇಟ್ ಹೊದಿಕೆಯ ಮೇಲಿನ ಗೆರೆಗಳ ಕೆಳಗೆ ಹದಿಮೂರು ಅಂಕಿಯ ಸಂಖ್ಯೆ ಇರುತ್ತದಲ್ಲ, ಅದಕ್ಕೂ ಇದೇ ನಿಯಮ: ಎಡದಿಂದ ಒಂದು ಬಿಟ್ಟು ಒಂದನ್ನು ಮೂರರಿಂದ ಗುಣಿಸಿ ಎಲ್ಲವನ್ನೂ ಕೂಡಿಸಿದರೆ ಮೊತ್ತ ಸೊನ್ನೆಯಲ್ಲಿ ಮುಗಿಯಲೇಬೇಕು. ಕಬ್ಬಿಣದ ಡಬ್ಬಿಯನ್ನೂ ಚಾಕೊಲೇಟಿನ ತುಂಡನ್ನೂ ಕಾಯುವುದು ಒಂದೇ ಗಣಿತ.

ಶಾಲೆಯಲ್ಲಿ ದೊಡ್ಡ ಸಂಖ್ಯೆಗೆ ನಾವು ಕೊಟ್ಟಿರುವ ಕೆಲಸ ಎರಡೇ. ಸ್ಥಾನಬೆಲೆ ಹೇಳಿ ಓದುವುದು, ಇನ್ನೊಂದು ದೊಡ್ಡ ಸಂಖ್ಯೆಯೊಡನೆ ಕೂಡಿಸಿ ಕಳೆದು ಗುಣಿಸಿ ಭಾಗಿಸುವುದು. ಭಾಗಾಕಾರದಲ್ಲಿ ಭಾಗಲಬ್ಧಕ್ಕೆ ಮರ್ಯಾದೆ ಹೆಚ್ಚು. ಶೇಷವನ್ನು ಮೂಲೆಯಲ್ಲಿ ಬರೆದು ಮರೆಯುತ್ತೇವೆ. ಹೊರಗಿನ ಬದುಕು ಈಗ ತಿರುವುಮುರುವಾಗಿ ನಡೆಯುತ್ತಿದೆ. ವ್ಯಾಗನ್, ಪುಸ್ತಕ, ಡೆಬಿಟ್ ಕಾರ್ಡ್, ಆಧಾರ್ ಇವೆಲ್ಲದರ ಮೇಲಿರುವ ಸಂಖ್ಯೆಗಳನ್ನು ಯಾರೂ ಕೂಡಿಸುವುದಿಲ್ಲ, ಗುಣಿಸುವುದಿಲ್ಲ. ಅವುಗಳ ಬೆಲೆ ಎಷ್ಟು ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಅವು ಯಾವ ಸ್ವಭಾವದ ಸಂಖ್ಯೆಗಳು, ಹತ್ತರಿಂದಲೋ ಹನ್ನೊಂದರಿಂದಲೋ ಭಾಗಿಸಿದರೆ ಏನು ಉಳಿಯುತ್ತದೆ ಎಂಬುದರ ಮೇಲೆ ವ್ಯವಹಾರ ನಿಂತಿದೆ. ಶೇಷದ ಗಣಿತ ಇಂದು ನಾಗರಿಕರು ತಿಳಿದಿರಲೇಬೇಕಾದ ಗಣಿತ. ಅದನ್ನು ಕಲಿಸಲು ಬೇಕಾದ ಸಾಮಗ್ರಿ ಪುತ್ತೂರು, ಸುಳ್ಯ, ಕಡಬದ ಪ್ರತಿ ಮನೆಯಲ್ಲೂ ಆಗಲೇ ಇದೆ.

ಇದು ಬರೀ ಉಪಯೋಗದ ಮಾತಾಗಿದ್ದರೆ ಇಷ್ಟು ಒತ್ತಿ ಹೇಳಬೇಕಿರಲಿಲ್ಲ. ಆ ಪುಟ್ಟ ನಿಯಮದೊಳಗೆ ಎಷ್ಟು ಗಣಿತ ಇದೆ ನೋಡಿ. ಮೂರರಿಂದಲೇ ಏಕೆ ಗುಣಿಸಬೇಕು, ಎರಡರಿಂದ ಏಕಾಗದು? ಸೊನ್ನೆಯಿಂದ ಒಂಬತ್ತರವರೆಗೆ ಮೂರರ ಮಗ್ಗಿ ಬರೆದು ಕೊನೆಯ ಅಂಕಿಗಳನ್ನಷ್ಟೇ ನೋಡಿದರೆ 0, 3, 6, 9, 2, 5, 8, 1, 4, 7. ಹತ್ತೂ ಬೇರೆ ಬೇರೆ, ಹಾಗಾಗಿ ಒಂದು ಅಂಕಿ ಇನ್ನೊಂದಾಗಿ ಬದಲಾದರೆ ಮೊತ್ತದ ಕೊನೆಯ ಅಂಕಿಯೂ ಬದಲಾಗಲೇಬೇಕು. ಎರಡರ ಮಗ್ಗಿಯಲ್ಲಿ 0, 2, 4, 6, 8 ಆದ ಮೇಲೆ ಮತ್ತೆ ಅದೇ 0, 2, 4, 6, 8. 1ಕ್ಕೂ 6ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಹತ್ತರೊಡನೆ ಯಾವ ಅಪವರ್ತನವನ್ನೂ ಹಂಚಿಕೊಳ್ಳದ 1, 3, 7, 9 ಮಾತ್ರ ಈ ಕೆಲಸಕ್ಕೆ ಬರುತ್ತವೆ. ಅಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಬರೆಯುವಾಗ ನಮಗೆ ಹೆಚ್ಚಾಗಿ ಆಗುವ ಇನ್ನೊಂದು ತಪ್ಪು ಪಕ್ಕದ ಎರಡು ಅಂಕಿಗಳನ್ನು ಅದಲುಬದಲು ಮಾಡುವುದು. ಪಕ್ಕಪಕ್ಕದಲ್ಲಿ 1 ಮತ್ತು 6 ಇವೆ, ಎರಡನೆಯದಕ್ಕೆ ಮೂರರ ಗುಣಾಕಾರ ಎಂದುಕೊಳ್ಳಿ: 1 ಮತ್ತು 18 ಸೇರಿ 19. ತಿರುಗಿಸಿ 61 ಎಂದು ಬರೆದರೆ 6 ಮತ್ತು 3 ಸೇರಿ 9. ಎರಡೂ 9ರಲ್ಲೇ ಮುಗಿಯುತ್ತವೆ, ತಪ್ಪು ಕಣ್ಣುತಪ್ಪಿಸಿ ಹೋಗುತ್ತದೆ. ಅಂಕಿಗಳ ನಡುವಿನ ಅಂತರ ಐದಾದಾಗಲೆಲ್ಲ, ಎಂದರೆ 0–5, 1–6, 2–7, 3–8, 4–9 ಜೋಡಿಗಳಲ್ಲಿ, ಹೀಗೇ ಆಗುತ್ತದೆ. ಸಾಧ್ಯವಿರುವ 90 ಅದಲುಬದಲುಗಳಲ್ಲಿ 10 ತಪ್ಪಿಸಿಕೊಳ್ಳುತ್ತವೆ. 3ರ ಬದಲು 7 ಹಾಕಿದರೆ ಸರಿಹೋದೀತೇ? ಇಲ್ಲ. 1, 3, 7, 9ರಲ್ಲಿ ಯಾವ ಎರಡನ್ನು ಆರಿಸಿದರೂ ವ್ಯತ್ಯಾಸ ಸಮಸಂಖ್ಯೆಯೇ ಆಗುತ್ತದೆ. ಸಮಸಂಖ್ಯೆಯನ್ನು ಐದರಿಂದ ಗುಣಿಸಿದರೆ ಸೊನ್ನೆಯಲ್ಲಿ ಮುಗಿಯುತ್ತದೆ. ತೊಂದರೆ ಇರುವುದು ಹತ್ತರಲ್ಲೇ, ಅದು ಎರಡು ಮತ್ತು ಐದಾಗಿ ಒಡೆಯುತ್ತದೆ ಎಂಬುದರಲ್ಲಿ.

ಹಾಗಿದ್ದರೆ ಒಡೆಯದ ಸಂಖ್ಯೆಯನ್ನು ಹಿಡಿಯೋಣ ಎಂದು ಪುಸ್ತಕಗಳಿಗೆ ಹಿಂದೆ ಕೊಡುತ್ತಿದ್ದ ಹತ್ತು ಅಂಕಿಯ ಸಂಖ್ಯೆಯಲ್ಲಿ ಹನ್ನೊಂದನ್ನು ಬಳಸಿದ್ದರು. ಹನ್ನೊಂದು ಅವಿಭಾಜ್ಯ. ಹಾಗಾಗಿ ಒಂದಂಕಿಯ ತಪ್ಪು, ಎರಡಂಕಿಯ ಅದಲುಬದಲು ಎಲ್ಲವೂ ಅಲ್ಲಿ ಸಿಕ್ಕಿಬೀಳುತ್ತಿದ್ದವು. ಆದರೆ ಹನ್ನೊಂದರಿಂದ ಭಾಗಿಸಿದಾಗ ಹತ್ತು ಕೂಡ ಶೇಷವಾಗಿ ಬರಬಹುದು. ಅದನ್ನು ಒಂದೇ ಸ್ಥಾನದಲ್ಲಿ ಬರೆಯಲಾಗದೆ ರೋಮನ್ ಹತ್ತರ ಗುರುತಾದ ಎಕ್ಸ್ ಅಕ್ಷರ ಹಾಕಬೇಕಾಗುತ್ತಿತ್ತು. ಹಳೆಯ ಕೆಲವು ಪುಸ್ತಕಗಳ ಬೆನ್ನಿನಲ್ಲಿ ಇಂದಿಗೂ ಆ ಎಕ್ಸ್ ಕಾಣಬಹುದು. 2007ರಿಂದ ಪುಸ್ತಕಗಳಿಗೂ ಹದಿಮೂರು ಅಂಕಿ ಬಂದು ಚಾಕೊಲೇಟಿನ ನಿಯಮವೇ ಅನ್ವಯವಾಯಿತು. ವ್ಯಾಪಾರಕ್ಕೆ ಅನುಕೂಲವಾಯಿತು, ಗಣಿತದ ಕಾವಲು ಮಾತ್ರ ಸ್ವಲ್ಪ ಸಡಿಲವಾಯಿತು. ಹತ್ತೇ ಅಂಕಿ ಇಟ್ಟುಕೊಂಡು ಎರಡೂ ಬಗೆಯ ತಪ್ಪನ್ನು ಪೂರ್ತಿ ಹಿಡಿಯುವ ದಾರಿಯನ್ನು ತೋರಿಸಿದವರು ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್, 1969ರಲ್ಲಿ. ಪಂಚಭುಜವನ್ನು ತಿರುಗಿಸುವ, ಮಗುಚಿಹಾಕುವ ಹತ್ತು ಕ್ರಿಯೆಗಳನ್ನು ಹತ್ತು ಅಂಕಿಗಳಿಗೆ ಹೊಂದಿಸಿ ಅವರು ಬೇರೆಯದೇ ಒಂದು ಕೂಡುವ ಕ್ರಮ ಕಟ್ಟಿದರು; ಅಲ್ಲಿ ಯಾವುದನ್ನು ಮೊದಲು ಕೂಡುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಅದರ ನೆರವಿನಿಂದ ಅದಲುಬದಲು ಬಯಲಾಗುತ್ತದೆ. ಆಧಾರ್ ಸಂಖ್ಯೆಯ ಹನ್ನೆರಡನೇ ಅಂಕಿ ಬರುವುದು ಈ ಕ್ರಮದಿಂದ. ಪಂಚಾಯಿತಿ ಕಚೇರಿಯಲ್ಲಿ ಅರ್ಜಿ ತುಂಬುವವರ ಬೆರಳು ಒಮ್ಮೆ ತಪ್ಪಿದರೆ ಕಂಪ್ಯೂಟರು ಕೂಡಲೇ ಒಲ್ಲೆ ಎನ್ನುವುದಕ್ಕೆ ಒಂದು ಪಂಚಭುಜ ಕಾರಣ ಎಂಬುದು ಎಷ್ಟು ಚೆಂದದ ಸಂಗತಿ! ಇದನ್ನು ಮಕ್ಕಳಿಗೆ ಹೇಳದೆ ಉಳಿಸಿಕೊಂಡಿರುವುದು ನನಗೆ ನಷ್ಟವಾಗಿಯೇ ಕಾಣುತ್ತದೆ.

ದೊಡ್ಡ ಸಂಖ್ಯೆ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವವರು ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ. 1980ರ ಜೂನ್ 18ರಂದು ಲಂಡನಿನ ಇಂಪೀರಿಯಲ್ ಕಾಲೇಜಿನಲ್ಲಿ 7,686,369,774,870 ಮತ್ತು 2,465,099,745,779 ಎಂಬೆರಡು ಹದಿಮೂರಂಕಿಯ ಸಂಖ್ಯೆಗಳನ್ನು ಮನಸ್ಸಿನಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ 18,947,668,177,995,426,462,773,730 ಎಂದು ಉತ್ತರ ಹೇಳಿದರು. ನಾವು ಈ ಕತೆ ಹೇಳಿ ಬೆರಗಾಗಿ ಮುಂದೆ ಹೋಗುತ್ತೇವೆ. ಹಾಗೆ ಗುಣಿಸಲು ನಮ್ಮಿಂದಾಗದು, ನಿಜ. ಆದರೆ ಆ ಉತ್ತರವನ್ನು ಪರೀಕ್ಷಿಸಲು ಆಗುತ್ತದೆ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಒಂಬತ್ತರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರೆರಡಲ ಹನ್ನೆರಡು, ಅದರ ಶೇಷ 3. ಉತ್ತರದ ಇಪ್ಪತ್ತಾರು ಅಂಕಿಗಳ ಮೊತ್ತ 138, ಅದರ ಶೇಷವೂ 3. ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ ಎರಡನೇ ಸಂಖ್ಯೆಯ ಅಂಕಿಗಳನ್ನು ಬಲದಿಂದ ಒಂದು ಕೂಡಿಸಿ ಒಂದು ಕಳೆಯುತ್ತ ಹೋಗಿ. ಕೊನೆಗೆ ಸೊನ್ನೆ ಉಳಿಯುತ್ತದೆ, ಎಂದರೆ ಅದು ಹನ್ನೊಂದರ ಗುಣಕ. ಗುಣಲಬ್ಧದಲ್ಲೂ ಹಾಗೆಯೇ ಮಾಡಿದರೆ ಸೊನ್ನೆಯೇ ಬರಬೇಕು, ಬರುತ್ತದೆ. ಜಗತ್ತೇ ಬೆರಗಾದ ಲೆಕ್ಕವನ್ನು ಏಳನೇ ತರಗತಿಯ ಹುಡುಗಿ ಐದು ನಿಮಿಷದಲ್ಲಿ ತಾಳೆ ನೋಡಬಲ್ಲಳು. ಈ ಪರೀಕ್ಷೆಗಳಲ್ಲಿ ಗೆದ್ದ ಮಾತ್ರಕ್ಕೆ ಉತ್ತರ ಸರಿ ಎಂದು ಸಿದ್ಧವಾಗುವುದಿಲ್ಲ, ಸೋತರೆ ಮಾತ್ರ ತಪ್ಪು ಎಂಬುದು ಖಚಿತ. ಆ ವ್ಯತ್ಯಾಸವೂ ಅವಳಿಗೆ ತಿಳಿಯಬೇಕಾದದ್ದೇ.

ಸಂಖ್ಯೆಯ ಉದ್ದಕ್ಕಿಂತ ಅದರ ಸ್ವಭಾವ ಮುಖ್ಯ ಎನ್ನಲು 1977ನೇ ಇಸವಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಆ ವರ್ಷ ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಶಕುಂತಲಾ ದೇವಿ 201 ಅಂಕಿಯ ಸಂಖ್ಯೆಯೊಂದರ ಇಪ್ಪತ್ತಮೂರನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು: 546372891. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಇದರಲ್ಲಿ ಒಂದೊಂದು ಸಲ ಬಂದಿವೆ. ಮೊತ್ತ 45, ಹಾಗಾಗಿ ಮೂಲ ಒಂಬತ್ತರಿಂದ ಭಾಗವಾಗುತ್ತದೆ. ಆ 201 ಅಂಕಿಯ ಸಂಖ್ಯೆಯಂತೂ ಮೂರರಿಂದ ಮತ್ತೆ ಮತ್ತೆ, ಕಡೇಪಕ್ಷ ನಲವತ್ತಾರು ಸಲ, ನಿಶ್ಶೇಷವಾಗಿ ಭಾಗವಾಗುತ್ತದೆ. ಯಾವ ಸಂಖ್ಯೆಯನ್ನಾದರೂ ಐದು ಸಲ ಇಟ್ಟು ಗುಣಿಸಿದರೆ ಕೊನೆಯ ಅಂಕಿ ಮೊದಲಿನದೇ ಬರುತ್ತದೆ. ಅದರಿಂದಾಗಿ ಇಪ್ಪತ್ತಮೂರನೇ ಘಾತದ ಕೊನೆಯ ಅಂಕಿಯೂ ಘನದ ಕೊನೆಯ ಅಂಕಿಯೂ ಒಂದೇ. ಆ ದೈತ್ಯ ಸಂಖ್ಯೆ 1ರಲ್ಲಿ ಮುಗಿಯುತ್ತದೆ. ಘನ ಮಾಡಿದಾಗ 1ರಲ್ಲಿ ಮುಗಿಯುವುದು 1 ಮಾತ್ರ. ಮೂಲದ ಕೊನೆಯ ಅಂಕಿ 1 ಎಂದು ಅಲ್ಲಿಗೇ ಗೊತ್ತಾಯಿತು. ಉದ್ದ ಎಷ್ಟೇ ಇರಲಿ, ಒಳಗೆ ಒಂದು ಕಟ್ಟುನಿಟ್ಟಾದ ಕ್ರಮ ಇದ್ದುದರಿಂದಲೇ ಆ ಸಂಖ್ಯೆ ಮನುಷ್ಯನ ಮನಸ್ಸಿಗೆ ದಕ್ಕಿತು. ಅದೇ 1977ರಲ್ಲಿ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ರಿವೆಸ್ಟ್, ಶಮೀರ್, ಏಡಲ್ಮನ್ ಎಂಬ ಮೂವರ ಸವಾಲಾಗಿ 129 ಅಂಕಿಯ ಇನ್ನೊಂದು ಸಂಖ್ಯೆ ಪ್ರಕಟವಾಯಿತು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಬಂದ ಸಂಖ್ಯೆ ಅದು. ಯಾವ ಎರಡು ಎಂದು ಹೇಳಿ ಎಂಬುದಷ್ಟೇ ಪ್ರಶ್ನೆ. ಮೊದಲಿನದಕ್ಕಿಂತ 72 ಅಂಕಿ ಕಿರಿದು. ಉತ್ತರ ಸಿಕ್ಕಿದ್ದು 1994ರಲ್ಲಿ, ನೂರಾರು ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ತಿಂಗಳುಗಟ್ಟಲೆ ದುಡಿಸಿದ ಮೇಲೆ. ಒಂದಕ್ಕೆ 50 ಸೆಕೆಂಡು, ಇನ್ನೊಂದಕ್ಕೆ 17 ವರ್ಷ. ಆ ಕಷ್ಟದ ಮೇಲೆಯೇ ಇಂದು ಅಂತರ್ಜಾಲದ ಹಣಕಾಸಿನ ಗುಟ್ಟು ಕಾಪಾಡುವ ಒಂದು ಮುಖ್ಯ ವಿಧಾನ ನಿಂತಿದೆ; ಅದರಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಗಳಿಗೆ ಸುಮಾರು 617 ಅಂಕಿ. ಒಂದು ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ಬೇಗ ತಿಳಿಯುವ ವಿಧಾನವನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ವಿದ್ಯಾರ್ಥಿಗಳು, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಅವಿಭಾಜ್ಯವೇ ಎಂದು ತಿಳಿಯುವುದು ಸುಲಭ, ಒಡೆದು ತೋರಿಸುವುದು ಕಷ್ಟ ಎಂಬ ವ್ಯತ್ಯಾಸವೇ ಇಲ್ಲಿನ ಬಂಡವಾಳ.

ಸಂಖ್ಯೆಯ ಸ್ವಭಾವ ನೋಡುವುದು ಹೊರಗಿನಿಂದ ತಂದು ಹೇರುವ ಹೊಸ ವಿದ್ಯೆ ಎಂದು ಯಾರೂ ಭಾವಿಸಬೇಕಾಗಿಲ್ಲ. ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರುಗಳಿವೆ, ಕೊನೆಯದು ಮಹಾಕ್ಷೋಭ. ಆದರೆ ಅವರು ಹೆಸರಿಟ್ಟು ಸುಮ್ಮನಾಗಲಿಲ್ಲ. 27994681ನ್ನು 441ರಿಂದ ಗುಣಿಸಿದರೆ 12345654321, ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಎಂದು ತೋರಿಸಿದರು. ಗುಣಿಸಿ ನೋಡಿ ಚಪ್ಪಾಳೆ ತಟ್ಟುವುದು ಒಂದು ಬಗೆ. ಏಕೆ ಹೀಗಾಯಿತು ಎಂದು ಕೇಳುವುದು ಇನ್ನೊಂದು: 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ, 21 ಮತ್ತು 5291ರ ಗುಣಲಬ್ಧ 111111. ಹಾರವೆಂದರೆ ಆರು ಒಂದುಗಳ ವರ್ಗ. ಪಂಚಾಂಗದ ಗಣಿತವೂ ಶೇಷದ ಮೇಲೆಯೇ ನಡೆಯುತ್ತದೆ. ಕಲಿಯುಗದ ಮೊದಲ ದಿನ ಶುಕ್ರವಾರ ಎಂಬುದು ಅಲ್ಲಿನ ಲೆಕ್ಕ. ಅಂದಿನಿಂದ 1947ರ ಆಗಸ್ಟ್ 15ರವರೆಗೆ ಕಳೆದ ದಿನಗಳು 18,43,947. ಏಳರಿಂದ ಭಾಗಿಸಿದರೆ ನಿಶ್ಶೇಷ. ಸ್ವಾತಂತ್ರ್ಯ ಬಂದದ್ದು ಶುಕ್ರವಾರವೇ. ವಾರ ತಿಳಿಯಲು ಅಹರ್ಗಣ, ಎಂದರೆ ಹೀಗೆ ಕಳೆದ ದಿನಗಳ ಎಣಿಕೆ, ಹಾಕುವವರಿಗೆ ಭಾಗಲಬ್ಧ ಬೇಡ, ಉಳಿದದ್ದು ಬೇಕು.

ಇಷ್ಟಕ್ಕೂ ಕಂಪ್ಯೂಟರು ಇದನ್ನೆಲ್ಲ ಮಾಡುತ್ತಿರುವಾಗ ಮಕ್ಕಳೇಕೆ ಕಲಿಯಬೇಕು ಎಂದು ಕೇಳಬಹುದು. ಕಂಪ್ಯೂಟರು ತಾಳೆ ನೋಡುವುದು ತಾಳೆ ಅಂಕಿ ಇಟ್ಟ ಕಡೆ ಮಾತ್ರ. ನಮ್ಮ ಹತ್ತಂಕಿಯ ಮೊಬೈಲ್ ಸಂಖ್ಯೆಯಲ್ಲಿ ಅದಿಲ್ಲ. ಒಂದಂಕಿ ತಪ್ಪಿದರೆ ಅದು ಇನ್ನಾರದೋ ಸಂಖ್ಯೆಯಾಗುತ್ತದೆ. ಬ್ಯಾಂಕ್ ಖಾತೆಯ ಸಂಖ್ಯೆಗಂತೂ ದೇಶಕ್ಕೆಲ್ಲ ಒಂದೇ ಉದ್ದವೂ ಇಲ್ಲ. ಹಣ ಕಳಿಸುವ ಮುನ್ನ ಪಡೆಯುವವರ ಹೆಸರು ನೋಡುವ ಸೌಲಭ್ಯವನ್ನು ಆರ್‌ಟಿಜಿಎಸ್ ಮತ್ತು ನೆಫ್ಟ್‌ನಲ್ಲಿ 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಬೇಕಾಯಿತು. ಒಳ್ಳೆಯ ಕ್ರಮವೇ. ಆದರೆ ಚಾಕೊಲೇಟ್ ಹೊದಿಕೆಗೆ ಇರುವ ಕಾವಲು ಅಡಿಕೆ ಮಾರಿ ಬಂದ ಹಣ ಹೋಗುವ ಪ್ರತಿ ಖಾತೆಗೂ ಏಕಿಲ್ಲ ಎಂದು ಕೇಳಬೇಕಾದರೆ ಅಂಥ ಕಾವಲು ಸಾಧ್ಯ ಎಂಬುದು ಮೊದಲು ಗೊತ್ತಿರಬೇಕು. ಗೊತ್ತಿಲ್ಲದ್ದನ್ನು ಯಾರೂ ಹಕ್ಕಿನಿಂದ ಕೇಳಲಾರರು.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ನೇರ ಭಾಗಾಕಾರವೇ ಬಾರದ ಮಕ್ಕಳು ಎಷ್ಟೋ ಇರುವಾಗ ಇದು ಜಾಣ ಮಕ್ಕಳಿಗೆ ಮಾತ್ರ ಒದಗುವ ಸೊಗಸು, ಪಾಠಗಳ ಹೊರೆ ಹೊತ್ತ ಶಿಕ್ಷಕರಿಗೆ ಇನ್ನೊಂದು ಹೊರೆ ಎಂಬುದು. ಆದರೆ ಮೇಲಿನ ವ್ಯಾಗನ್ ಲೆಕ್ಕದಲ್ಲಿ ಭಾಗಾಕಾರವೇ ಇಲ್ಲ. ಇರುವುದು ಮೂರರ ಮಗ್ಗಿ, ಸಂಕಲನ, ಹತ್ತಕ್ಕೆ ಎಷ್ಟು ಕಡಿಮೆ ಎಂಬ ಪ್ರಶ್ನೆ. ಹಿಂದುಳಿದ ಮಕ್ಕಳಿಗೆ ಇದು ಇನ್ನೂ ಹೆಚ್ಚು ಬೇಕು, ಏಕೆಂದರೆ ಉತ್ತರ ಸರಿಯೇ ತಪ್ಪೇ ಎಂದು ಶಿಕ್ಷಕರ ಮುಖ ನೋಡದೆ ತಾವೇ ಕಂಡುಕೊಳ್ಳುವ ಅವಕಾಶ ಇಲ್ಲಿದೆ. ಹೊಸ ಪಾಠವೂ ಬೇಡ. ಎನ್‌ಸಿಇಆರ್‌ಟಿಯ ಹೊಸ ಗಣಿತ ಪ್ರಕಾಶ ಪುಸ್ತಕಗಳು ಆರನೇ ತರಗತಿಯಲ್ಲಿ ಸಂಖ್ಯೆಗಳ ಆಟಕ್ಕೂ ಏಳನೇ ತರಗತಿಯಲ್ಲಿ ಸುತ್ತಲಿನ ದೊಡ್ಡ ಸಂಖ್ಯೆಗಳಿಗೂ ಒಂದೊಂದು ಅಧ್ಯಾಯವನ್ನೇ ಕೊಟ್ಟಿವೆ. ಭಾಜ್ಯತೆಯ ನಿಯಮಗಳನ್ನು ನಾವು ಹೇಗೂ ಬಾಯಿಪಾಠ ಮಾಡಿಸುತ್ತೇವೆ. ಅದೇ ಗಂಟೆಯಲ್ಲಿ ಹೊದಿಕೆಯೊಂದನ್ನು ಮುಂದಿಟ್ಟುಕೊಂಡರೆ ಸಾಕು.

ನಿಯಮ ತಿಳಿದರೆ ನಕಲಿ ಸಂಖ್ಯೆ ಸೃಷ್ಟಿಸುವುದನ್ನು ಕಲಿಸಿದಂತಾಗದೇ ಎಂಬ ಭಯವೂ ಕೆಲವರಿಗಿದೆ. ಈ ನಿಯಮಗಳು ಯಾವುವೂ ಗುಟ್ಟಲ್ಲ. ಮನಸ್ಸಿಗೆ ಬಂದ ಹನ್ನೊಂದು ಅಂಕಿ ಬರೆದರೂ ಹತ್ತರಲ್ಲಿ ಒಂದು ಸಲ ಅದು ವ್ಯಾಗನ್ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ತಾಳೆ ಅಂಕಿ ಕೈತಪ್ಪನ್ನು ಹಿಡಿಯಲು ಇರುವುದು, ಮೋಸ ಹಿಡಿಯಲು ಅಲ್ಲ. ಸಂಖ್ಯೆ ಸರಿಯಾಗಿ ಕಂಡ ಮಾತ್ರಕ್ಕೆ ಅದರ ಹಿಂದಿರುವವರು ನಿಜ ಎಂದು ನಂಬಬಾರದು ಎಂಬುದನ್ನು ಫೋನಿನಲ್ಲಿ ಹಣ ಕಳೆದುಕೊಳ್ಳುವ ಈ ಕಾಲದಲ್ಲಿ ಮಕ್ಕಳಿಗೂ ಹಿರಿಯರಿಗೂ ಕಲಿಸಲೇಬೇಕು. ಒಂದು ಎಚ್ಚರಿಕೆ ಮಾತ್ರ ನಾನೂ ಒಪ್ಪುತ್ತೇನೆ: ಆಧಾರ್ ಕಾರ್ಡನ್ನೋ ಬ್ಯಾಂಕ್ ಪಾಸ್‌ಬುಕ್ಕನ್ನೋ ತರಗತಿಗೆ ತರಿಸಕೂಡದು. ಅದರ ಅಗತ್ಯವೂ ಇಲ್ಲ. ಪುಸ್ತಕ, ಸಾಬೂನಿನ ಪೊಟ್ಟಣ, ವ್ಯಾಗನ್ ಸಾಕಷ್ಟಿವೆ.

ಆರಂಭಕ್ಕೆ ಸರಕಾರದ ಆದೇಶ ಕಾಯಬೇಕಾಗಿಲ್ಲ. ಶಾಲೆಯ ಗ್ರಂಥಾಲಯದ ಪುಸ್ತಕಗಳಿಗೆ ಮಕ್ಕಳೇ ನಾಲ್ಕಂಕಿಯ ಸಂಖ್ಯೆ ಕೊಡಲಿ, ಐದನೆಯದಾಗಿ ತಾಳೆ ಅಂಕಿಯನ್ನೂ ಅವರೇ ಕಟ್ಟಲಿ. ಒಂದು ತಂಡ ಮೂರರ ಮಗ್ಗಿಯಿಂದ, ಇನ್ನೊಂದು ಹನ್ನೊಂದರ ಶೇಷದಿಂದ. ಆಮೇಲೆ ಒಬ್ಬರ ಪಟ್ಟಿಯಲ್ಲಿ ಇನ್ನೊಬ್ಬರು ಬೇಕೆಂದೇ ಅಂಕಿ ತಿದ್ದಿ, ಪಕ್ಕದಂಕಿ ಅದಲುಬದಲು ಮಾಡಿ, ಯಾವ ತಪ್ಪು ಸಿಕ್ಕಿತು, ಯಾವುದು ತಪ್ಪಿಸಿಕೊಂಡಿತು ಎಂದು ಗೋಡೆಯ ಮೇಲೆ ಬರೆಯಲಿ. ಮೂರರ ತಂಡಕ್ಕೆ 1–6, 2–7 ಜೋಡಿಗಳು ಕೈಕೊಡುವುದು ತಾನಾಗಿ ಕಾಣುತ್ತದೆ. ಹನ್ನೊಂದರ ತಂಡಕ್ಕೆ ಶೇಷ ಹತ್ತು ಬಂದಾಗ ಒಂದೇ ಸ್ಥಾನದಲ್ಲಿ ಏನು ಬರೆಯುವುದು ಎಂಬ ಜಗಳ ಹುಟ್ಟುತ್ತದೆ. ಆ ಜಗಳವನ್ನು ಅವರೇ ಬಗೆಹರಿಸಿಕೊಳ್ಳುವವರೆಗೆ ಶಿಕ್ಷಕರು ಉತ್ತರ ಹೇಳದಿದ್ದರೆ ಒಳ್ಳೆಯದು.